ಆಟಗಾರ ಹೋದರೂ ಹೊರೆ ಉಳಿಯಿತು

ಪ್ರಶ್ನೆ: ಆರ್‌ಸಿಬಿ ಒಂದೇ ಹರಾಜಿನಲ್ಲಿ ಹೊಸ ತಂಡ ಕಟ್ಟಿತು. ಅಮೆರಿಕದ ಐಸ್ ಹಾಕಿ ತಂಡಗಳಿಗೆ ಅದೇಕೆ ಆಗುವುದಿಲ್ಲ?
– ಓದುಗರು, ಚಿಂತಾಮಣಿ

ಉತ್ತರ: ಐಪಿಎಲ್‌ನಲ್ಲಿ ಬೇಡವಾದವರನ್ನು ಹರಾಜಿಗೆ ಮುನ್ನ ಕೈಬಿಡಬಹುದು. 2025ರ ಆವೃತ್ತಿಗೆ ಆರ್‌ಸಿಬಿ ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರನ್ನಷ್ಟೇ ಉಳಿಸಿಕೊಂಡು 83 ಕೋಟಿ ರೂಪಾಯಿಯೊಂದಿಗೆ ಹರಾಜಿಗಿಳಿಯಿತು, ಕಪ್ಪನ್ನೂ ಗೆದ್ದಿತು.

ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ತಂಡ ಒಪ್ಪಂದ ಮುರಿದರೆ, ಸಾಮಾನ್ಯವಾಗಿ ಬಾಕಿ ಸಂಬಳದ ಮೂರನೇ ಎರಡು ಪಾಲನ್ನು, ಉಳಿದ ಅವಧಿಯ ಎರಡು ಪಟ್ಟು ವರ್ಷಗಳಲ್ಲಿ ಹಂಚಿ ಕೊಡಬೇಕು. ಕೊಡುವ ಹಣವಲ್ಲದೆ, ಲೀಗ್ ಬೇರೆಯಾಗಿ ಲೆಕ್ಕ ಹಾಕುವ ಮೊತ್ತವೊಂದು ತಂಡದ ಸಂಬಳ ಮಿತಿಯನ್ನೂ (ಒಂದು ವರ್ಷ ಸಂಬಳಕ್ಕೆ ಬಳಸಬಹುದಾದ ಗರಿಷ್ಠ ಹಣ) ತಿನ್ನುತ್ತದೆ. 2012ರಲ್ಲಿ ಮಿನ್ನೆಸೋಟ ವೈಲ್ಡ್ ತಂಡ ಆಟಗಾರರಾದ ಪರೀಸೆ, ಸೂಟರ್ ಇಬ್ಬರಿಗೂ 13 ವರ್ಷಗಳ, ತಲಾ 9.8 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. 2021ರಲ್ಲಿ ಇಬ್ಬರ ಒಪ್ಪಂದವನ್ನೂ ಮುರಿಯಿತು. 2023-24ರಲ್ಲಿ 8.35 ಕೋಟಿ ಡಾಲರ್ ಮಿತಿಯಲ್ಲಿ ಸುಮಾರು 1.47 ಕೋಟಿ, ತಂಡದಲ್ಲೇ ಇಲ್ಲದ ಇವರ ಲೆಕ್ಕಕ್ಕೆ ಹೋಯಿತು! ಮುಂದಿನ ವರ್ಷವೂ ಅಷ್ಟೇ.

ಇಂಥ ತಂಡಕ್ಕೆ, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆಯ್ದುಕೊಳ್ಳುವ ಡ್ರಾಫ್ಟ್‌ನಲ್ಲಿ ಆರಿಸಿದ ಕಡಿಮೆ ಸಂಬಳದ ಹುಡುಗರೇ ಗತಿ. ವೈಲ್ಡ್ ಹಾಗೆಯೇ ತಾಳಿಕೊಂಡಿತು. ನನಗೆ ಮೆಚ್ಚುಗೆಯಾದದ್ದು ಆ ತಾಳ್ಮೆ. 2025ರಲ್ಲಿ ಹೊರೆ ಬಹುಪಾಲು ಇಳಿದ ಮೇಲೆ, ತಾನೇ ಡ್ರಾಫ್ಟ್‌ನಲ್ಲಿ ಆರಿಸಿದ್ದ ಆಟಗಾರ ಕಪ್ರಿಜೋವ್‌ಗೆ ಅದು 8 ವರ್ಷಕ್ಕೆ 13.6 ಕೋಟಿ ಡಾಲರ್ ಒಪ್ಪಂದ ಕೊಟ್ಟಿದೆ.