ಚಿನ್ನದ ನಾಣ್ಯಕ್ಕೂ ಆರೈಕೆ ಬೇಕು

“ಚಿನ್ನಕ್ಕೇನು ತುಕ್ಕು ಹಿಡಿಯುತ್ತಾ?” ಎಂದು ಅಜ್ಜಿ ಕೊಟ್ಟ ಪವನ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಬೀರುವಿನ ಮೂಲೆಗೆ ತಳ್ಳುವವರು ನಮ್ಮಲ್ಲಿ ಬಹಳ. ಅಪ್ಪಟ ಚಿನ್ನಕ್ಕೆ ತುಕ್ಕಿಲ್ಲ, ನಿಜ. ಆದರೆ ಪವನ್ ಅಪ್ಪಟ ಚಿನ್ನವಲ್ಲವಲ್ಲ! 7.98 ಗ್ರಾಂ ತೂಗುವ ಬ್ರಿಟಿಷ್ ಸವರನ್ 22 ಕ್ಯಾರೆಟ್ಟಿನದು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಚಿನ್ನ, ಉಳಿದದ್ದು ಹೆಚ್ಚಾಗಿ ತಾಮ್ರ. ಕೆಡುವುದು ಈ ತಾಮ್ರವೇ. ತೇವ, ಬೆವರು, ಗಂಧಕ ತಾಗಿದರೆ ಕೆಂಪು, ಕಂದು ಚುಕ್ಕೆಗಳು ಏಳುತ್ತವೆ.

ತೂಕಕ್ಕೆ ಮಾರುವವರಿಗೆ ಚುಕ್ಕೆಯಿಂದ ನಷ್ಟವಿಲ್ಲ ಬಿಡಿ. ಸಂಗ್ರಾಹಕರು ನೋಡುವುದು ನಾಣ್ಯದ ಮುಖವನ್ನು. ಬೊಂಬಾಯಿಯಲ್ಲಿ ಸವರನ್ ಅಚ್ಚಾದದ್ದು 1918ರ ಒಂದೇ ವರ್ಷ. ಕುದುರೆಯ ಕೆಳಗೆ, ಇಸವಿಯ ಮೇಲೆ ಇರುವ ‘ಐ’ ಎಂಬ ಪುಟ್ಟ ಇಂಗ್ಲಿಷ್ ಅಕ್ಷರವೇ ಅದರ ಗುರುತು. ಹುಣಸೆಹಣ್ಣು, ಸೀಗೆಪುಡಿ ಹಾಕಿ ತಿಕ್ಕಿ ಅದನ್ನು ಸವೆಸಿದರೆ ಉಳಿಯುವುದು ಬರೀ ಬಂಗಾರದ ತುಂಡು. ಇಕ್ಕೇರಿ ವರಹದ ಶಿವಪಾರ್ವತಿಯರ ಗತಿಯೂ ಅಷ್ಟೆ. ಸರಕ್ಕೆಂದು ಕೊಂಡಿ ಬೆಸೆದ ಕಾಸಿಗೂ ಸಂಗ್ರಾಹಕರ ಬೆಲೆ ಇಳಿಯುತ್ತದೆ.

ಮೆತ್ತಗಿನ ಪಿ.ವಿ.ಸಿ. ಪ್ಲಾಸ್ಟಿಕ್ ವರ್ಷ ಕಳೆದಂತೆ ಜಿಗುಟನ್ನೂ ಆಮ್ಲವನ್ನೂ ಬಿಡುತ್ತದೆ. ನಾಣ್ಯದ ಮೇಲೆ ಹಸಿರು ಪದರ ಕಟ್ಟುತ್ತದೆ. ರಬ್ಬರಿನಲ್ಲಿ ಗಂಧಕವಿದೆ. ನಮ್ಮ ನಾಗಸಂದ್ರದಂಥ ಕಡೆ ಮಳೆಗಾಲದಲ್ಲಿ ಹೊರಗೋಡೆ ತೇವವಾಗುವ ಮನೆಗಳುಂಟು. ಪಕ್ಕದಲ್ಲೇ ಪೀಣ್ಯದ ಕಾರ್ಖಾನೆಗಳು, ತುಮಕೂರು ರಸ್ತೆಯ ವಾಹನಗಳ ಹೊಗೆ. ಆ ಗೋಡೆಗೆ ಬೀರು ಅಂಟಿಸಿಡಬೇಡಿ.

ಹಾಗಾದರೆ ಏನು ಮಾಡೋದು? ಕಷ್ಟವೇನಿಲ್ಲ:

* ಒಂದೊಂದು ನಾಣ್ಯಕ್ಕೂ ಬೇರೆ ಬೇರೆ ಲಕೋಟೆ ಇರಲಿ. ಮೈಲಾರ್ ಅಥವಾ ಆಮ್ಲರಹಿತ ಕಾಗದದ್ದಾದರೆ ಒಳ್ಳೆಯದು. ಚಿನ್ನ ಮೆದು, ಒಂದಕ್ಕೊಂದು ತಾಗಿದರೂ ಗೀರು ಬೀಳುತ್ತದೆ.
* ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ಆಗಾಗ ಬದಲಾಯಿಸಿ.
* ಒಣಗಿದ ಕೈಯಲ್ಲಿ, ಅಂಚನ್ನಷ್ಟೇ ಹಿಡಿದು ಎತ್ತಿ.
* ವರಮಹಾಲಕ್ಷ್ಮಿ ಪೂಜೆಗೆ ಇಡುವುದಾದರೆ ಅರಿಶಿನ ಕುಂಕುಮ ತಟ್ಟೆಗೆ ಹಚ್ಚಿ, ನಾಣ್ಯಕ್ಕೆ ಬೇಡ.
* ಬ್ಯಾಂಕ್ ಲಾಕರಿನಲ್ಲಿದ್ದರೂ ವರ್ಷಕ್ಕೆ ಒಂದೆರಡು ಸಲ ತೆಗೆದು ನೋಡಿ.

ಆಗಲೇ ಚುಕ್ಕೆ ಬಿದ್ದಿದೆಯೇ? ಗಾಬರಿಯಾಗಬೇಡಿ, ಪುಡಿ ಹಾಕಿ ತಿಕ್ಕಲೂ ಹೋಗಬೇಡಿ. ಅಕ್ಕಸಾಲಿಗರು ಹೊಳಪು ಕೊಡ್ತೀನಿ ಅಂದರೂ ಬೇಡವೆನ್ನಿ. ಮೊದಲು ನಾಣ್ಯ ಬಲ್ಲವರಿಗೆ ತೋರಿಸಿ. ಚುಕ್ಕೆಯಿದ್ದ ಹಳೆಯ ನಾಣ್ಯವನ್ನು ಕೊಳ್ಳುವವರಿದ್ದಾರೆ. ತಿಕ್ಕಿ ಸವೆದ ಮುಖವನ್ನು ಮರಳಿ ತರುವವರು ಯಾರೂ ಇಲ್ಲ.