ಕುಲ್ಲಾಯಿ ಮತ್ತು ಕಬಾಯಿ: ಚಾರಿತ್ರಿಕ ರಂಗವಸ್ತ್ರದಲ್ಲಿ ನಿಷ್ಠೆ ಮತ್ತು ಅಭಿರುಚಿ

ಚಾರಿತ್ರಿಕ ನಾಟಕಕ್ಕೆ ಉಡುಪು ಹೊಲಿಯುವವರಿಗೆ ಎರಡು ಹೊಣೆಗಳಿರುತ್ತವೆ. ಆಯಾ ಕಾಲದ ಜನರು ಏನನ್ನು ಧರಿಸುತ್ತಿದ್ದರೆಂಬ ಸಾಕ್ಷ್ಯಕ್ಕೆ ಬದ್ಧರಾಗಿರುವುದು ಒಂದು. ನಟನ ಮೈಗೂ ಪ್ರೇಕ್ಷಕರ ಕಣ್ಣಿಗೂ ತಮ್ಮ ಮನಸ್ಸಿಗೂ ಒಪ್ಪುವಂತೆ ಅದನ್ನು ರೂಪಿಸುವುದು ಇನ್ನೊಂದು. ಈ ಎರಡನ್ನೂ ಹೊಂದಿಸುವ ಬಗೆಯನ್ನು ವಿಜಯನಗರದ ಕೃಷ್ಣದೇವರಾಯನ (ಆಳ್ವಿಕೆ 1509–1529) ಪಾತ್ರದ ಉಡುಪನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವೃತ್ತಿ ರಂಗಭೂಮಿಯಿಂದ ಬಂದ ರೂಢಿಯಂತೆ ನಮ್ಮ ರಾಯನಿಗೆ ಜರಿ ಕಸೂತಿಯ ಮಖಮಲ್ಲಿನ ಅಂಗಿ, ಕಿರೀಟ, ಕಾಲಿಗೆ ಮೋಜಡಿ. ಸಮಕಾಲೀನ ಸಾಕ್ಷ್ಯ ಹೇಳುವುದು ಬೇರೆ. ಸುಮಾರು 1520ರಲ್ಲಿ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಚಿನ್ನದ ಎಳೆಯಲ್ಲಿ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿಯ ಉಡುಪನ್ನೂ ಜರತಾರಿ ಟೋಪಿಯನ್ನೂ ವಜ್ರದ ಕಂಠಾಭರಣವನ್ನೂ ಧರಿಸಿದ್ದ ಅರಸನು ಬರಿಗಾಲಿನಲ್ಲಿದ್ದನೆಂದು ದಾಖಲಿಸಿದ್ದಾನೆ. ಅರಸನ ಸನ್ನಿಧಿಗೆ ಬರುವವರೆಲ್ಲ ಬರಿಗಾಲಿನಲ್ಲಿಯೇ ಬರಬೇಕಿತ್ತು. ಮಖಮಲ್ಲು ಆ ಕಾಲಕ್ಕೆ ಅಪರಿಚಿತವೇನಲ್ಲ. ಮಹಾನವಮಿಯ ಉತ್ಸವದ ಅಲಂಕಾರಗಳಲ್ಲಿ ಅದನ್ನು ಪೇಸ್ ಕಂಡಿದ್ದಾನೆ. ಅಂದರೆ ರಂಗರೂಢಿಯು ಬಟ್ಟೆಯನ್ನು ಕಾಲದಿಂದಲೇ ಪಡೆದರೂ ಅದನ್ನು ಇರಿಸಿದ ಸ್ಥಳ ಬೇರೆಯಾಯಿತು.

ಆದರೆ ತಿರುಮಲೆಯ ದೇವಾಲಯದಲ್ಲಿ ತಿರುಮಲದೇವಿ, ಚಿನ್ನಾದೇವಿಯರೊಡನೆ ಕೈಮುಗಿದು ನಿಂತಿರುವ ರಾಯನ ಲೋಹಪ್ರತಿಮೆಯಲ್ಲಿ ಎತ್ತರದ ಟೋಪಿಯಿದೆಯೇ ಹೊರತು ಮೈಮೇಲೆ ಅಂಗಿಯಿಲ್ಲ. ಇವೆರಡರಲ್ಲಿ ಯಾವುದು ನಿಜ ಎಂಬ ಪ್ರಶ್ನೆಯೇ ಸರಿಯಾದುದಲ್ಲ. ಒಂದು ಆಸ್ಥಾನದ ಉಡುಪು, ಮತ್ತೊಂದು ದೇವಸನ್ನಿಧಿಯ ಉಡುಪು. ಆದುದರಿಂದ ಚಾರಿತ್ರಿಕ ನಿಷ್ಠೆಯೆಂದರೆ ಕಾಲಕ್ಕೆ ಮಾತ್ರವಲ್ಲದೆ ಸಂದರ್ಭಕ್ಕೂ ನಿಷ್ಠೆ. ದರ್ಜಿಯು ಅಳತೆ ತೆಗೆಯುವ ಮೊದಲು ದೃಶ್ಯವನ್ನು ಓದಬೇಕಾಗುತ್ತದೆ.

ಆಸ್ಥಾನದ ಉದ್ದ ತೋಳಿನ ನಿಲುವಂಗಿ 'ಕಬಾಯಿ', ಎತ್ತರದ ಟೋಪಿ 'ಕುಲ್ಲಾಯಿ'. ಮೊದಲನೆಯದು ಅರಬ್ಬಿಯ 'ಕಬಾ', ಎರಡನೆಯದು ಪಾರಸಿಯ 'ಕುಲಾಹ್' ಪದಗಳಿಂದ ಬಂದುವು. ಎರಡನೆಯದರ ನೆನಪು ನಮ್ಮ ಮಕ್ಕಳ 'ಕುಲಾವಿ'ಯಲ್ಲಿ ಇಂದಿಗೂ ಉಳಿದಿದೆ. 1443ರಲ್ಲಿ ಬಂದ ಅಬ್ದುರ್ ರಜಾಕನು ಇಮ್ಮಡಿ ದೇವರಾಯನನ್ನು ರೇಷ್ಮೆಯ ನಿಲುವಂಗಿಯಲ್ಲಿ ಕಂಡನು. ಲೇಪಾಕ್ಷಿಯ ವೀರಭದ್ರ ದೇವಾಲಯದ 16ನೆಯ ಶತಮಾನದ ಚಿತ್ರಗಳಲ್ಲಿಯೂ ಈ ಉಡುಪು ಕಾಣುತ್ತದೆ. ಪಶ್ಚಿಮ ಏಷ್ಯಾದವರೆಗೆ ಹರಡಿದ್ದ ರಾಜಸಭಾ ಶಿಷ್ಟಾಚಾರದಲ್ಲಿ ವಿಜಯನಗರವೂ ಪಾಲುಗೊಂಡಿತ್ತೆಂದು ಫಿಲಿಪ್ ವ್ಯಾಗನರ್ 1996ರ ಪ್ರಬಂಧವೊಂದರಲ್ಲಿ ವಾದಿಸಿದ್ದಾರೆ. ಟೋಪಿಯನ್ನು ತೆಗೆದು ಕಿರೀಟವಿರಿಸುವುದು ಹೊಲಿಯುವವರಿಗೆ ಕೇವಲ ಅಭಿರುಚಿಯೆನಿಸಬಹುದು. ಆದರೆ ಆ ಒಂದು ಬದಲಾವಣೆಯಿಂದ ಈ ಸಂಬಂಧದ ಚರಿತ್ರೆಯೇ ಪ್ರೇಕ್ಷಕರ ಕಣ್ಣಿನಿಂದ ಮರೆಯಾಗುತ್ತದೆ.

ಹಾಗಾದರೆ ಸ್ವಂತ ಅಭಿರುಚಿಗೆ ಎಡೆಯೆಲ್ಲಿ? ಸಾಕ್ಷ್ಯವು ಮೌನವಾಗಿರುವಲ್ಲಿ ಎಡೆ ಧಾರಾಳವಾಗಿದೆ. ಚಿತ್ರವು ಉಡುಪಿನ ಹೊರ ಆಕಾರವನ್ನು ತೋರಿಸುತ್ತದೆ; ಒಳಹೊಲಿಗೆ, ಅಸ್ತರಿ, ಕಂಕುಳ ಪಟ್ಟಿಗಳನ್ನು ತೋರಿಸುವುದಿಲ್ಲ. ದೀಪಗಳ ಬಿಸಿಯಲ್ಲಿ ಬೆವರುವ ನಟನಿಗಾಗಿ ತೆಳು ಹತ್ತಿಯ ಅಸ್ತರಿ ಕೊಡುವುದು, ಕ್ಷಣಾರ್ಧದಲ್ಲಿ ವೇಷ ಬದಲಿಸಲು ಕಸೆಯ ಹಿಂದೆ ಗುಂಡಿಯನ್ನು ಅಡಗಿಸುವುದು, ಒಳಗಿನ ಉದ್ದ ಹೊಲಿಗೆಗಳಿಗೆ ಯಂತ್ರವನ್ನು ಬಳಸಿ ಕಾಣುವ ಅಂಚನ್ನಷ್ಟೇ ಕೈಯಲ್ಲಿ ಹೊಲಿಯುವುದು ಚರಿತ್ರೆಗೆ ಅಪಚಾರವಾಗದು. ನಡುಪಟ್ಟಿಯ ಬಣ್ಣ, ಹೂಬಳ್ಳಿಯ ವಿನ್ಯಾಸಗಳಲ್ಲಿ ಹೊಲಿಯುವವರ ಆಯ್ಕೆಗೆ ಅವಕಾಶವುಂಟು. ಆದರೆ ಆಯ್ಕೆಯು ನೀಲಿ, ಮಂಜಿಷ್ಠಗಳಂತಹ ಸಹಜ ವರ್ಣಗಳ ವ್ಯಾಪ್ತಿಯಲ್ಲಿರಬೇಕು. ಕೃತಕ ವರ್ಣಗಳ ಬಳಕೆ 1856ರಲ್ಲಿ ವಿಲಿಯಂ ಪರ್ಕಿನ್ನನ ಶೋಧದಿಂದ ಆರಂಭವಾದುದರಿಂದ, ಕಣ್ಣು ಕುಕ್ಕುವ ನೇರಳೆಯ ರೇಷ್ಮೆ ಆಸ್ಥಾನದ ದೃಶ್ಯಕ್ಕೆ ಹೊಂದದು. ಇಂದಿನ ರಾಸಾಯನಿಕ ಬಣ್ಣವನ್ನೇ ಬಳಸಿದರೂ ಛಾಯೆ ಹಳೆಯದನ್ನು ಹೋಲಿದರೆ ಸಾಕು.

ಒಟ್ಟಿನಲ್ಲಿ ಆಕಾರದಲ್ಲಿ ಕಟ್ಟುನಿಟ್ಟು, ವಸ್ತುವಿನಲ್ಲಿ ಸಾಮೀಪ್ಯ, ಅಲಂಕಾರದಲ್ಲಿ ಮಿತವಾದ ಸ್ವಾತಂತ್ರ್ಯ ಎಂಬ ಕ್ರಮವನ್ನು ಪಾಲಿಸಬಹುದು. ವೆಚ್ಚ ಸಾಲದಿದ್ದರೆ ಮೊದಲು ಅಲಂಕಾರವನ್ನು, ಬಳಿಕ ವಸ್ತುವನ್ನು ಸಡಿಲಿಸಬೇಕು. ಆಕಾರವನ್ನು ಮಾತ್ರ ಬಿಡಲಾಗದು. ಸಾದಾ ಬಿಳಿ ಹತ್ತಿಯ ಕಬಾಯಿ, ಗಟ್ಟಿ ಕಾಗದದ ಮೇಲೆ ಬಟ್ಟೆ ಹೊದಿಸಿದ ಕುಲ್ಲಾಯಿ ಮತ್ತು ಬರಿಗಾಲು ದುಬಾರಿ ಮಖಮಲ್ಲಿಗಿಂತ ರಾಯನಿಗೆ ಹತ್ತಿರವಾದುವು. ರೂಢಿಯನ್ನು ಮುರಿದಾಗ ಪ್ರೇಕ್ಷಕರು ಮೊದಲು ಬೆರಗಾಗಬಹುದು. ಗ್ರಂಥ, ಶಾಸನಗಳನ್ನು ಓದದ ಬಹುಮಂದಿಗೆ ರಂಗದ ಮೇಲಿನ ರಾಯನೇ ಚರಿತ್ರೆಯ ರಾಯನಾಗಿ ಉಳಿಯುವುದರಿಂದ, ಈ ಬೆರಗನ್ನು ಎದುರಿಸುವ ಧೈರ್ಯ ಹೊಲಿಯುವವರಿಗೂ ಇರಬೇಕಾದುದು ಅವಶ್ಯ.