ಸ್ಟಾರ್ಟರ್ ಡಬ್ಬಿಯೊಳಗಿನ ರಿಲೇ: ಮೋಟಾರು ಕಾಯುವ ಕಾವಲುಗಾರ



ನಮ್ಮ ಎಷ್ಟೋ ಸ್ವಸಹಾಯ ಸಂಘಗಳು ಸಾಲ ಮಾಡಿ ಹಿಟ್ಟಿನ ಗಿರಣಿ, ಖಾರದಪುಡಿ ಮಿಲ್ಲು ಹಾಕಿಕೊಂಡಿವೆ. ಕೆಲವು ಸದಸ್ಯೆಯರ ಹೊಲದಲ್ಲಿ ಬೋರ್‌ವೆಲ್ ಮೋಟಾರಿದೆ. ಕಂತು ಎಷ್ಟು, ಬಡ್ಡಿ ಎಷ್ಟು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಆ ಮೋಟಾರು ಸುಡದ ಹಾಗೆ ಕಾಯುವುದು ಯಾವುದು ಎಂದು ಕೇಳಿದರೆ, "ಅದೆಲ್ಲಾ ಗಂಡಸರಿಗೆ ಗೊತ್ತು ಸಿಸ್ಟರ್" ಎಂಬ ಉತ್ತರ ಬರುತ್ತದೆ. ಮೋಟಾರು ಸುಟ್ಟರೆ ರಿವೈಂಡಿಂಗ್ ಖರ್ಚು ಕೊಡುವವರು ನೀವು, ಕಂತು ಕಟ್ಟುವವರೂ ನೀವು. ಆದ್ದರಿಂದ ನೀವೂ ತಿಳಿದುಕೊಳ್ಳಲೇಬೇಕು.

ಕಾಯುವ ಆ ವಸ್ತುವಿನ ಹೆಸರು ರಿಲೇ. ಇದರ ಸದ್ದು ನಿಮಗೆ ಹೊಸದಲ್ಲ. ವೋಲ್ಟೇಜ್ ಏರುಪೇರಾದಾಗ ಸ್ಟೆಬಿಲೈಸರ್ "ಟಕ್ ಟಕ್" ಎನ್ನುತ್ತದಲ್ಲಾ, ಕರೆಂಟು ಹೋದ ಕೂಡಲೇ ಯುಪಿಎಸ್ "ಟಕ್" ಎನ್ನುತ್ತದಲ್ಲಾ, ಅದು ರಿಲೇಯದೇ ಸದ್ದು.

ರಿಲೇ ಎಂದರೆ ಕೈಯಿಂದ ಒತ್ತದೆ, ಕರೆಂಟಿನಿಂದಲೇ ಒತ್ತಿಸಿಕೊಳ್ಳುವ ಸ್ವಿಚ್ಚು. ಒಂದು ಕಬ್ಬಿಣದ ತುಂಡಿಗೆ ತೆಳುವಾದ ತಾಮ್ರದ ತಂತಿಯನ್ನು ನೂರಾರು ಸುತ್ತು ಸುತ್ತಿರುತ್ತಾರೆ. ಇದಕ್ಕೆ ಕಾಯಿಲ್ ಎನ್ನುತ್ತಾರೆ. ಕಾಯಿಲ್‌ನಲ್ಲಿ ಕರೆಂಟು ಹರಿದಾಗ ಆ ಕಬ್ಬಿಣ ಅಯಸ್ಕಾಂತವಾಗಿ, ಎದುರಿಗಿರುವ ಇನ್ನೊಂದು ಕಬ್ಬಿಣದ ಪಟ್ಟಿಯನ್ನು ಎಳೆದುಕೊಳ್ಳುತ್ತದೆ. ಪಟ್ಟಿ ಬಂದು ಬಡಿದಾಗ ಎರಡು ಪಾಯಿಂಟುಗಳು ಕೂಡಿ ಬೇರೊಂದು ದಾರಿಯಲ್ಲಿ ಕರೆಂಟು ಹರಿಯುತ್ತದೆ. ಕಾಯಿಲ್‌ಗೆ ಕರೆಂಟು ನಿಂತರೆ ಅಯಸ್ಕಾಂತ ಸಾಯುತ್ತದೆ, ಸ್ಪ್ರಿಂಗು ಪಟ್ಟಿಯನ್ನು ವಾಪಸು ಎಳೆಯುತ್ತದೆ. ಇಷ್ಟೇ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ 12 ವೋಲ್ಟಿನ ರಿಲೇಯ ಕಾಯಿಲ್‌ಗೆ ಸುಮಾರು 0.03 ಆಂಪಿಯರ್ ಸಾಕು. ಅದು ಹಿಡಿದು ಬಿಡುವುದು 10 ಆಂಪಿಯರ್‌ನಷ್ಟು ಕರೆಂಟನ್ನು. ಅಂಕುಶ ಹಿಡಿದ ಮಾವುತ ಆನೆ ನಡೆಸಿದ ಹಾಗೆ.

1835ರಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ ಇದನ್ನು ಮಾಡಿದರು. ಮುಂದೆ ತಂತಿ ಟಪಾಲಿಗೆ ಇದು ಬಹಳ ಉಪಯೋಗಕ್ಕೆ ಬಂತು. ದೂರ ಹೋಗುತ್ತಾ ಸೊರಗಿದ ಕರೆಂಟು ನಡುದಾರಿಯ ರಿಲೇಯನ್ನು ಎಳೆದರೆ ಸಾಕು, ಅಲ್ಲಿನ ಹೊಸ ಬ್ಯಾಟರಿಯಿಂದ ಸುದ್ದಿ ಮುಂದಕ್ಕೆ ಹೋಗುತ್ತಿತ್ತು. ಮಕ್ಕಳ ರಿಲೇ ಓಟದಲ್ಲಿ ದಣಿದವಳು ಕೋಲನ್ನು ಮುಂದಿನವಳ ಕೈಗೆ ಕೊಡುವುದೂ ಹೀಗೇ.

ಈಗ ಗಿರಣಿಯ ಸ್ಟಾರ್ಟರ್‌ಗೆ ಬರೋಣ. ಅದರಲ್ಲಿ ಹಸಿರು, ಕೆಂಪು ಎರಡು ಗುಂಡಿಗಳಿರುತ್ತವೆ. ಹಸಿರು ಒತ್ತಿದಾಗ ಕಾಯಿಲ್ ಎಳೆದುಕೊಂಡು ಮೋಟಾರು ಓಡುತ್ತದೆ. ಕೈ ತೆಗೆದರೂ ಮೋಟಾರು ನಿಲ್ಲುವುದಿಲ್ಲ, ಏಕೆಂದರೆ ಎಳೆದುಕೊಂಡ ಪಟ್ಟಿಯೇ ಕಾಯಿಲ್‌ಗೆ ಕರೆಂಟು ಹೋಗುವ ದಾರಿಯನ್ನೂ ಹಿಡಿದಿರುತ್ತದೆ. ಇದನ್ನು ಕಾಂಟ್ಯಾಕ್ಟರ್ ಎನ್ನುತ್ತಾರೆ, ರಿಲೇಯ ದೊಡ್ಡಣ್ಣ. ಕರೆಂಟು ಹೋದರೆ ಕಾಯಿಲ್ ಬಿಟ್ಟುಬಿಡುತ್ತದೆ. ಮತ್ತೆ ಕರೆಂಟು ಬಂದರೂ ಯಾರಾದರೂ ಹಸಿರು ಗುಂಡಿ ಒತ್ತುವ ತನಕ ಮೋಟಾರು ತಿರುಗುವುದಿಲ್ಲ.

ಇದು ಎಷ್ಟು ದೊಡ್ಡ ಉಪಕಾರ ಎಂದು ಯೋಚಿಸಿ. ಕರೆಂಟು ಹೋಗಿದೆ, ಹೇಗೂ ನಿಂತಿದೆಯಲ್ಲಾ ಎಂದು ನೀವು ಗಿರಣಿಯ ಒಳಗೆ ಕೈ ಹಾಕಿ ಸಿಕ್ಕಿಕೊಂಡ ಹಿಟ್ಟು ತೆಗೆಯುತ್ತೀರಿ. ಸೆರಗು ಬೆಲ್ಟಿನ ಹತ್ತಿರವೇ ಇದೆ. ಆಗ ಕರೆಂಟು ಬಂತು ಅನ್ನಿ. ಸ್ಟಾರ್ಟರ್ ಸರಿ ಇದ್ದರೆ ಏನೂ ಆಗುವುದಿಲ್ಲ. ಆದರೆ ಹಸಿರು ಗುಂಡಿ ನಿಲ್ಲುತ್ತಿಲ್ಲ ಎಂದು ಯಾರೋ ಅದಕ್ಕೆ ಕಡ್ಡಿ ಸಿಕ್ಕಿಸಿ ಇಟ್ಟಿದ್ದರೆ? ಇಂತಹ ಕಡ್ಡಿಗಳನ್ನು ನಾವು ಹಳ್ಳಿಗಳಲ್ಲಿ ನೋಡಿದ್ದೇವೆ. ನೋಡಿದ ಕಡೆಯೆಲ್ಲಾ ತೆಗೆಸಿದ್ದೇವೆ, ಬೈಗುಳವನ್ನೂ ತಿಂದಿದ್ದೇವೆ. ಸ್ಟಾರ್ಟರ್ ಸರಿ ಇದ್ದರೂ ಕೈ ಹಾಕುವ ಮುಂಚೆ ಮೈನ್ ಸ್ವಿಚ್ ಆರಿಸಿಯೇ ಹಾಕಿ.

ಕಾಂಟ್ಯಾಕ್ಟರ್ ಕೆಳಗೆ ಓವರ್‌ಲೋಡ್ ರಿಲೇ ಇರುತ್ತದೆ. ಹಳೆಯ ಮಾದರಿಯದರಲ್ಲಿ ಅಯಸ್ಕಾಂತವಲ್ಲ, ಶಾಖ ಕೆಲಸ ಮಾಡುತ್ತದೆ. ಕಾದಾಗ ಒಂದೇ ಸಮನಾಗಿ ಹಿಗ್ಗದ ಎರಡು ಲೋಹಗಳನ್ನು ಬೆಸೆದ ಪಟ್ಟಿ ಅದರೊಳಗಿದೆ. ಮೋಟಾರು ಹೆಚ್ಚು ಕರೆಂಟು ಎಳೆದರೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಬಾಗಿ ಕಾಯಿಲ್‌ನ ದಾರಿ ಕಡಿಯುತ್ತದೆ. ಇದು ಬೇಕೆಂದೇ ನಿಧಾನ. ಮೋಟಾರು ಹೊರಡುವಾಗ ಕೆಲವು ಕ್ಷಣ ಐದಾರು ಪಟ್ಟು ಕರೆಂಟು ಎಳೆಯುವುದು ಸಹಜ, ಅದಕ್ಕೆಲ್ಲಾ ಟ್ರಿಪ್ ಆದರೆ ಗಿರಣಿ ಓಡುವುದು ಹೇಗೆ? ಟ್ರಿಪ್ ಆದ ಮೇಲೆ ಪಟ್ಟಿ ಆರಲು ಕೆಲವು ನಿಮಿಷ ಬಿಟ್ಟು ರಿಸೆಟ್ ಒತ್ತಿ. ಮತ್ತೆ ಮತ್ತೆ ಟ್ರಿಪ್ ಆದರೆ ಕಾರಣ ಹುಡುಕಿಸಿ: ಬೇರಿಂಗ್ ಹಿಡಿದಿರಬಹುದು, ವೋಲ್ಟೇಜ್ ಕಡಿಮೆ ಇರಬಹುದು, ಒಮ್ಮೆಲೇ ಬಹಳ ಕಾಳು ಸುರಿದಿರಬಹುದು.

ಆ ರಿಲೇಯ ಮೇಲೆ ಒಂದು ಚಿಕ್ಕ ತಿರುಗಣೆ ಇದೆ, ಸುತ್ತ ಆಂಪಿಯರ್ ಸಂಖ್ಯೆಗಳಿವೆ. ಮೋಟಾರಿನ ತಗಡಿನ ಮೇಲೆ ಬರೆದಷ್ಟೇ ಆಂಪಿಯರಿಗೆ ಅದು ನಿಂತಿರಬೇಕು. ಮೂರು ಫೇಸಿನ 5 ಎಚ್.ಪಿ. ಮೋಟಾರಿಗೆ ಸುಮಾರು ಏಳೂವರೆ ಆಂಪಿಯರ್. (ಸ್ಟಾರ್-ಡೆಲ್ಟಾ ಸ್ಟಾರ್ಟರ್ ಲೆಕ್ಕ ಬೇರೆ, ಸಾಮಾನ್ಯವಾಗಿ ತಗಡಿನ ಸಂಖ್ಯೆಯ ನೂರಕ್ಕೆ 58 ಪಾಲು.) "ಪದೇ ಪದೇ ಟ್ರಿಪ್ ಆಗ್ತಿತ್ತು ಅಕ್ಕಾ, ಸ್ವಲ್ಪ ಜಾಸ್ತಿ ಮಾಡಿದೀನಿ" ಎಂದು ರಿಪೇರಿಯವನು ಹೇಳಿದರೆ, ಅಥವಾ ರಿಲೇಯನ್ನೇ ಬಿಟ್ಟು ತಂತಿ ನೇರ ಕೊಟ್ಟರೆ ಒಪ್ಪಬೇಡಿ. ನಾಯಿ ಬೊಗಳುತ್ತದೆಂದು ಬಾಯಿ ಕಟ್ಟಿ ಹಾಕಿದಂತೆ ಅದು.

ಮೂರು ಫೇಸಿನ ಮೋಟಾರಿಗೆ ಇನ್ನೊಂದು ಗಂಡಾಂತರವಿದೆ. ಕಂಬದ ಒಂದು ಫ್ಯೂಸು ಹೋಗಿ ಎರಡೇ ಫೇಸು ಉಳಿದಾಗ ಓಡುತ್ತಿದ್ದ ಮೋಟಾರು ನಿಲ್ಲದೆ, ಉಳಿದ ಎರಡರಿಂದ ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ನಿಂತಿದ್ದ ಮೋಟಾರಾದರೆ ಹೊರಡದೆ ಬರೀ ಗುಂಯ್‌ಗುಡುತ್ತದೆ. ಇದಕ್ಕಾಗಿಯೇ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಎಂಬ ರಿಲೇ ಇದೆ. ಮೂರರಲ್ಲಿ ಒಂದು ತಪ್ಪಿದರೂ ಕೆಲವೇ ಕ್ಷಣಗಳಲ್ಲಿ ಮೋಟಾರು ನಿಲ್ಲಿಸುತ್ತದೆ. ಬೋರ್‌ವೆಲ್ ಇರುವವರು ಹೊಸ ಪ್ಯಾನೆಲ್ ತರುವಾಗ ಇದು ಇದೆಯೇ ಎಂದು ಕೇಳಿಯೇ ತನ್ನಿ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಉಳಿತಾಯ ಮಾಡಬಾರದು.

ಬೇರೆ ಬಗೆಗಳೂ ಇವೆ. ಹೊತ್ತು ನೋಡಿ ಸ್ಟಾರ್‌ನಿಂದ ಡೆಲ್ಟಾಕ್ಕೆ ಬದಲಿಸಲು ಟೈಮರ್ ರಿಲೇ. ಅಲುಗಾಡುವ ಭಾಗವೇ ಇಲ್ಲದ, ಸದ್ದೂ ಇಲ್ಲದ ಎಲೆಕ್ಟ್ರಾನಿಕ್ ರಿಲೇ. ಹಳೆ ಫ್ರಿಜ್ಜಿನ ಹಿಂದೆ, ಕಂಪ್ರೆಸರ್ ಹೊರಡುವಾಗ ಮಾತ್ರ ನೆರವಾಗುವ ರಿಲೇ. ಫ್ರಿಜ್ಜು ಟಕ್ ಟಕ್ ಎನ್ನುತ್ತಾ ಹೊರಡದೇ ಇದ್ದರೆ ಪ್ಲಗ್ ತೆಗೆದಿಟ್ಟು ವೋಲ್ಟೇಜ್ ನೋಡಿಸಿ.

ಒಂದು ವಿಷಯ ಚೆನ್ನಾಗಿ ನೆನಪಿರಲಿ. ಓವರ್‌ಲೋಡ್ ರಿಲೇ ಮೋಟಾರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಶಾಕ್ ಹೊಡೆದಾಗ ಮೈಮೇಲೆ ಹರಿಯುವ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ 0.03 ಆಂಪಿಯರ್ ಸೋರಿದರೂ ಕಡಿಯುವ ಇಎಲ್‌ಸಿಬಿ ಎಂಬ ಬೇರೆ ಸಾಧನ ಬೇಕು, ಜೊತೆಗೆ ಸರಿಯಾದ ಅರ್ತಿಂಗ್ ಬೇಕು.

ಸ್ಟಾರ್ಟರ್ ಎಡೆಬಿಡದೆ ಗುಂಯ್ ಎನ್ನುತ್ತಿದೆಯೇ? ಎಳೆದುಕೊಳ್ಳುವ ಕಬ್ಬಿಣದ ನಡುವೆ ಹಿಟ್ಟಿನ ಧೂಳು ಕೂತಿರಬಹುದು, ಅಥವಾ ವೋಲ್ಟೇಜ್ ಇಳಿದಿರಬಹುದು. ಹಾಗೇ ಬಿಟ್ಟರೆ ಕಾಯಿಲ್ ಸುಡುತ್ತದೆ. ಮೈನ್ ಆರಿಸಿ, ಬಲ್ಲವರನ್ನು ಕರೆದು ಮುಚ್ಚಳ ತೆಗೆಸಿ ಒರೆಸಿಸಿ. ಅವರು ಡಬ್ಬಿ ತೆರೆದಾಗ ನೀವೂ ಪಕ್ಕದಲ್ಲಿ ನಿಂತು ಆ ತಿರುಗಣೆಯ ಸಂಖ್ಯೆ ನೋಡಿ, ಸಂಘದ ಪುಸ್ತಕದಲ್ಲಿ ತಾರೀಖಿನ ಸಮೇತ ಬರೆದಿಡಿ.